ಅಜ್ಜನಿಗೆ ಯಾರು ಹೇಳಿಕೊಟ್ಟಿದ್ದರು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯ ವ್ಯಾಯಾಮದ ಬರಹದಲ್ಲಿ ‘ಭಂಗಿ ಸರಿಯಾಗುವ ತನಕ ಭಾರ ಏರಿಸಬೇಡಿ’ ಅಂತ ಮೂರು ಕಡೆ ಹೇಳಿದ್ದೀರಿ. ನನಗಿದು ಅತಿಯಾಯಿತು ಅನಿಸಿತು. ಶಿವಮೊಗ್ಗದಲ್ಲಿ ಜಿಮ್ ಸೇರಿ ನಾಲ್ಕು ತಿಂಗಳಾಯಿತು, ನೆಲದಿಂದ ಸರಳು ಎತ್ತುವ ಡೆಡ್‌ಲಿಫ್ಟ್‌ನಲ್ಲಿ 100 ಕೆ.ಜಿ. ಎತ್ತುತ್ತೇನೆ. ನಡುವೆ ಎರಡು ಸಲ ಸೊಂಟ ಹಿಡಿದಿದ್ದು ನಿಜ. ಆದರೆ ನೋವಿಲ್ಲದೆ ಮೈ ಬರುತ್ತದೆಯೇ? ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜ ಜೀವಮಾನವಿಡೀ ಹೊರೆ ಹೊತ್ತವರು. 81 ವರ್ಷ, ಇವತ್ತಿಗೂ ತೋಟಕ್ಕೆ ನಡೆದೇ ಹೋಗುತ್ತಾರೆ. ಅವರಿಗೆ ಯಾರು ಈ ಭಂಗಿ, ಫಾರ್ಮ್ ಎಲ್ಲ ಹೇಳಿಕೊಟ್ಟಿದ್ದರು?

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ಪ್ರೀತಿ. ಸಿಟ್ಟು ಬಂದಿದ್ದು ‘ಸೊಂಟ ಹಿಡಿದಿದ್ದು ನಿಜ’ ಎಂದ ಮೇಲೆ ನೀವು ಹಾಕಿದ ಆ ‘ಆದರೆ’ಗೆ. ಪ್ರೀತಿ ನಿಮ್ಮ ಕೊನೆಯ ಪ್ರಶ್ನೆಗೆ. ನೀವು ಅದನ್ನು ಉತ್ತರವೇ ಇಲ್ಲದ ಪ್ರಶ್ನೆ ಅಂದುಕೊಂಡು ಕೇಳಿದ್ದೀರಿ. ಉತ್ತರ ಇದೆ.

ಮೊದಲು ನಿಮ್ಮ ಪಾಲಿನ ಸತ್ಯವನ್ನು ನಿಮಗೆ ಕೊಟ್ಟುಬಿಡುತ್ತೇನೆ. ಭಾರ ಎತ್ತುವುದು ಒಳ್ಳೆಯದು, ಬಿಡಬೇಡಿ. 2014ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ಲಾವರ್ಸೆನ್ ಮತ್ತು ಸಂಗಡಿಗರು 25 ಪ್ರಯೋಗಗಳನ್ನು, ಅಂದರೆ 26,610 ಜನರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಬಲವರ್ಧನೆಯ ವ್ಯಾಯಾಮ ಮಾಡಿದವರಲ್ಲಿ ಆಟದ ಗಾಯಗಳು ಮೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿದಿದ್ದವು. ಬರೀ ಮೈ ಎಳೆದು ಸಡಿಲ ಮಾಡಿಕೊಂಡವರಿಗೆ ಅಂಥ ಲಾಭ ಕಾಣಲಿಲ್ಲ. ಎಲ್ಲರ ಮೈಗೂ ಒಂದೇ ಭಂಗಿ ಒಗ್ಗುವುದಿಲ್ಲ ಎಂಬುದೂ ಸರಿ. ಉದ್ದ ತೊಡೆಯವನು ಕೂರುವ ರೀತಿ ಬೇರೆ, ಗಿಡ್ಡ ತೊಡೆಯವನದು ಬೇರೆ. ಬೆನ್ನು ಒಂದು ಎಳೆ ಬಾಗಿದರೆ ಪ್ರಳಯವಾಗುತ್ತದೆಂದು ಹೆದರಿಸುವವರ ಜೊತೆ ನಾನೂ ಇಲ್ಲ.

ಇನ್ನು ಅಜ್ಜನ ವಿಷಯ.

ನಾನು ಹೊಸನಗರ ಕಡೆಯವನು. ಕೊಟ್ಟಿಗೆಗೆ ಸೊಪ್ಪು, ದರಗು (ಒಣಗಿದ ಎಲೆ) ತರಲು ಸೊಪ್ಪಿನಬೆಟ್ಟಕ್ಕೆ ಹೋಗುವುದು ಮನೆಮಕ್ಕಳೆಲ್ಲರ ಕೆಲಸ. ಏಳು ವರ್ಷದವನ ತಲೆಗೆ ಅಮ್ಮ ಇಟ್ಟಿದ್ದು ಎರಡು ಹಿಡಿ ಸೊಪ್ಪಿನ ಕಟ್ಟು. ಅಷ್ಟು ಹಗುರವಾದದ್ದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬಹುದಿತ್ತು. ಬಿಡಲಿಲ್ಲ. ಸಿಂಬೆ ಸುತ್ತಿ, ತಲೆ ಮೇಲಿಟ್ಟು, ‘ಕತ್ತು ನೆಟ್ಟಗಿರ್ಲಿ, ದಾರಿ ನೋಡು, ಕಾಲು ನೋಡ್ಬೇಡ’ ಅಂತ ಹಿಂದಿನಿಂದ ಹೇಳುತ್ತಾ ಬರುತ್ತಿದ್ದಳು. ಕಟ್ಟು ದೊಡ್ಡದಾಗಲು ವರ್ಷಗಳು ಬೇಕಾದವು. ದೊಡ್ಡವರ ಹೊರೆಯನ್ನು ಯಾರೂ ಒಬ್ಬರೇ ನೆಲದಿಂದ ಕಿತ್ತು ತಲೆಗೆ ಏರಿಸಿಕೊಳ್ಳುತ್ತಿರಲಿಲ್ಲ. ‘ಹೊರೆ ಎತ್ತಿಸು ಬಾ’ ಅಂತ ಕೂಗುವುದೇ ಪದ್ಧತಿ. ಹೊರೆ ಮೊದಲು ತೊಡೆಗೆ ಬರಬೇಕು, ತೊಡೆಯಿಂದ ಎದೆಗೆ, ಆಮೇಲೆ ತಲೆಗೆ. ಮೈಗೆ ಅಂಟಿಕೊಂಡೇ ಮೇಲೇರಬೇಕು.

ಅಡಿಕೆ ಕೊಯ್ಲಿನಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗಾರನನ್ನು ನೀವು ನೋಡಿಯೇ ಇರುತ್ತೀರಿ. ಪಾದಗಳಿಗೆ ತಳೆ ಎಂಬ ಬಳೆ ಸಿಕ್ಕಿಸಿಕೊಂಡು ಹತ್ತುತ್ತಾನೆ. ಹೊಸಬ ಕೈಯಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳಲು ಹೋಗಿ ಮೂರನೇ ಮರಕ್ಕೆ ಸೋಲುತ್ತಾನೆ. ಪಳಗಿದವನ ಕೈ ಮರವನ್ನು ಹಿಡಿದಿರುತ್ತದೆ ಅಷ್ಟೆ, ಕಾಲು ಮೈಯನ್ನು ಒತ್ತಿ ಮೇಲೆ ಕಳಿಸುತ್ತದೆ. ನಮ್ಮ ತೋಟಕ್ಕೆ ಬರುತ್ತಿದ್ದ ಹಿರಿಯ ಕೊನೆಗಾರರೊಬ್ಬರು ಮಗನನ್ನು ಒಂದಿಡೀ ಕೊಯ್ಲು ಆಳೆತ್ತರಕ್ಕಿಂತ ಮೇಲೆ ಹೋಗಲು ಬಿಟ್ಟಿರಲಿಲ್ಲ. ಹತ್ತು, ಇಳಿ, ಮತ್ತೆ ಹತ್ತು. ಅದನ್ನು ಅವರು ಫಾರ್ಮ್ ಅನ್ನುತ್ತಿರಲಿಲ್ಲ. ಹೆಸರೇ ಇಡದೆ ಕಲಿಸಿದರು.

ಹಾಗಾಗಿ ನಿಮ್ಮ ಅಜ್ಜನನ್ನು ನಿಮ್ಮ ಪರ ಸಾಕ್ಷಿಗೆ ಕರೆಯಬೇಡಿ. ಅವರು ನನ್ನ ಕಡೆಯವರು.

ಭಂಗಿ ಅಂದರೆ ಕನ್ನಡಿಯಲ್ಲಿ ಚೆಂದ ಕಾಣುವ ನಿಲುವು ಅಂತ ಜಿಮ್ ಹುಡುಗರು ತಿಳಿದಿದ್ದಾರೆ. ತುಂಬಿದ ಕೊಡವನ್ನು ಕೈ ಚಾಚಿ ಮುಂದಕ್ಕೆ ಹಿಡಿದು ನೋಡಿ, ಅದೇ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ನೋಡಿ. ನೀರು ಅಷ್ಟೇ, ಕೊಡ ಅದೇ. ಮೈಯಿಂದ ದೂರ ಹೋದಷ್ಟೂ ಬೆನ್ನಿನ ಸ್ನಾಯುಗಳು ಅದನ್ನು ತಡೆಯಲು ದುಪ್ಪಟ್ಟು, ಮುಪ್ಪಟ್ಟು ಎಳೆಯಬೇಕು. ಡೆಡ್‌ಲಿಫ್ಟ್‌ನಲ್ಲಿ ಸರಳು ಕಣಕಾಲಿಗೆ ಸವರಿಕೊಂಡೇ ಮೇಲೆ ಬರಬೇಕು ಅನ್ನುವುದು ಇದಕ್ಕೇ. ನಿಮ್ಮ 100 ಕೆ.ಜಿ. ಒಂದು ಗೇಣು ಮುಂದೆ ಹೋದರೆ ಬೆನ್ನಿಗೆ ಅದು 100 ಆಗಿ ಉಳಿಯುವುದಿಲ್ಲ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಬಸ್ಕಿ ಹೊಡೆಯುವಾಗ ಮೊಣಕಾಲು ಬೆರಳ ತುದಿಯನ್ನು ದಾಟಬಾರದು ಎಂಬ ಮಾತನ್ನು ನಿಮ್ಮ ಜಿಮ್‌ನಲ್ಲೂ ಕೇಳಿರುತ್ತೀರಿ. 2003ರಲ್ಲಿ ಅಮೆರಿಕದ ಫ್ರೈ ಮತ್ತು ಸಂಗಡಿಗರು ಪಳಗಿದ ಏಳು ಜನರಿಗೆ ಅವರವರ ತೂಕದಷ್ಟೇ ಭಾರ ಹೊರಿಸಿ ಕೂರಿಸಿ ಏಳಿಸಿದರು. ಒಮ್ಮೆ ಮೊಣಕಾಲು ಬೇಕಾದಷ್ಟು ಮುಂದೆ ಹೋಗಲು ಬಿಟ್ಟರು, ಇನ್ನೊಮ್ಮೆ ಮುಂದೆ ಹಲಗೆ ನಿಲ್ಲಿಸಿ ತಡೆದರು. ತಡೆದಾಗ ಮೊಣಕಾಲಿನ ತಿರುಗುಬಲ ಸುಮಾರು 150ರಿಂದ 117 ನ್ಯೂಟನ್-ಮೀಟರಿಗೆ ಇಳಿಯಿತು. ಸೊಂಟದ ಕೀಲಿನದು 28ರಿಂದ 303ಕ್ಕೆ ಏರಿತು. ಮೊಣಕಾಲನ್ನು ಉಳಿಸಲು ಹೋಗಿ ಟೊಂಕದ ಮೇಲೆ ಹೇರಿದಂತಾಯಿತು. ಭಾರ ಎಲ್ಲಿಗಾದರೂ ಹೋಗಲೇಬೇಕು. ಎಲ್ಲಿಗೆ ಹೋಗಬೇಕೆಂದು ನೀವು ತೀರ್ಮಾನಿಸುವುದೇ ಭಂಗಿ. ನೀವು ತೀರ್ಮಾನಿಸದಿದ್ದರೆ ಅದು ತಾನೇ ಬಡಪಾಯಿ ಜಾಗವೊಂದನ್ನು ಹುಡುಕಿಕೊಳ್ಳುತ್ತದೆ. ನಿಮ್ಮಲ್ಲಿ ಅದು ಎರಡು ಸಲ ಸೊಂಟವನ್ನು ಹುಡುಕಿಕೊಂಡಿದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹೈಸ್ಕೂಲಿನಲ್ಲಿದ್ದಾಗ ಮಳೆಗಾಲದ ಒಂದು ದಿನ ಬಸ್ಸು ತಡವಾಗಿ ಬಂತು, ಅದಕ್ಕೆ ನೂರು ಬಸ್ಕಿ. ಕಿವಿ ಹಿಡಿದುಕೊಂಡು, ಒದ್ದೆ ಬಟ್ಟೆಯಲ್ಲಿ. ಅರವತ್ತರ ಹೊತ್ತಿಗೆ ಮೊಣಕಾಲು ಒಳಕ್ಕೆ ವಾಲುತ್ತಿತ್ತು, ಬೆನ್ನು ಗೂನಾಗಿತ್ತು. ಅದನ್ನು ಯಾರೂ ನೋಡಲಿಲ್ಲ, ಎಣಿಕೆಯೊಂದೇ ನಡೆಯಿತು. ನಾಲ್ಕು ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಬಸ್ಕಿ ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು.

ಅದು ಹೋಗಿದ್ದು ಶಿವಮೊಗ್ಗದ ಹಳೇ ಭಾಗದ ಒಂದು ಗರಡಿ ಮನೆಯಲ್ಲಿ. ಮಾರಿಕಾಂಬಾ ಜಾತ್ರೆಯ ಕುಸ್ತಿಯ ಬಗ್ಗೆ ಲೇಖನ ಬರೆಯಲು ಹೋಗಿದ್ದೆ. ಬೆಳಗಿನ ಐದೂವರೆ, ಹುಡುಗರು ಮಟ್ಟಿ, ಅಂದರೆ ಕುಸ್ತಿ ಕಣದ ಮಣ್ಣು, ಕೆದಕುತ್ತಿದ್ದರು, ಎಣ್ಣೆ ಅರಿಶಿನ ಬೆರೆತ ಕೆಮ್ಮಣ್ಣಿನ ವಾಸನೆ. ಉಸ್ತಾದರು ಕಟ್ಟೆ ಮೇಲೆ ಕೂತು ಬಿದಿರ ಕೋಲೊಂದನ್ನು ಕೈಯಲ್ಲಿಟ್ಟುಕೊಂಡಿದ್ದರು. ‘ಹತ್ತು ಹೊಡೀರಿ ನೋಡಾಣ’ ಅಂದರು. ನಾಲ್ಕಕ್ಕೇ ನಿಲ್ಲಿಸಿದರು. ‘ಎಷ್ಟು ಅನ್ನೋದು ಆಮೇಲೆ ಸ್ವಾಮಿ. ಹೆಂಗೆ ಅನ್ನೋದು ಮೊದಲು.’ ಕೋಲಿನ ತುದಿಯನ್ನು ನನ್ನ ಎಡ ಮೊಣಕಾಲಿನ ಒಳಬದಿಗೆ ಮೆಲ್ಲಗೆ ತಾಗಿಸಿ ಹೊರಕ್ಕೆ ತಂದರು. ಮತ್ತೆ ಬೆನ್ನಿನುದ್ದಕ್ಕೆ ಇಟ್ಟರು, ತಲೆಯ ಹಿಂಭಾಗ, ಬೆನ್ನು, ಸೊಂಟದ ಕೆಳಗಿನ ಮೂಳೆ ಮೂರೂ ಕೋಲಿಗೆ ತಾಗಬೇಕು. ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಅರ್ಧ ಗಂಟೆಯಲ್ಲಿ ನಾನು ಹೊಡೆದಿದ್ದು ಹನ್ನೆರಡೋ ಹದಿಮೂರೋ ಬಸ್ಕಿ. ಮಾರನೇ ದಿನ ತೊಡೆ ನೋಯಿತು, ಮೊಣಕಾಲು ನೋಯಲಿಲ್ಲ. ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ. ಇಷ್ಟು ಸರಳವಾದದ್ದನ್ನು ನನಗೆ ಹದಿಮೂರನೇ ವಯಸ್ಸಿನಲ್ಲಿ ಯಾರಾದರೂ ಹೇಳಬಹುದಿತ್ತು.

ಆ ಗರಡಿಯಲ್ಲಿ ಹೊಸ ಹುಡುಗನಿಗೆ ತಿಂಗಳುಗಟ್ಟಲೆ ದಂಡ, ಬಸ್ಕಿ, ಮಟ್ಟಿ ಕೆದಕುವುದು ಇಷ್ಟೇ. ಪಟ್ಟು ಆಮೇಲೆ. ಭಂಗಿ ತಿದ್ದುವುದು ಗಾಯ ತಪ್ಪಿಸುವುದಕ್ಕಷ್ಟೇ ಎಂದು ನಿಮ್ಮಂಥವರು ಅಂದುಕೊಳ್ಳುವುದರಿಂದಲೇ ಅದು ಹೇಡಿಗಳ ಕೆಲಸವಾಗಿ ಕಾಣುತ್ತದೆ. ಘಟ್ಟ ಇಳಿದರೆ ಸಿಗುವ ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿಯವರನ್ನು ನೋಡಿ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವ ಸ್ಪರ್ಧೆಯ 56 ಕೆ.ಜಿ. ವಿಭಾಗದ ಬೆಳ್ಳಿ ಅವರದು. ಒಂದೇ ಎತ್ತಿಗೆ ತಲೆ ಮೇಲೆ ಒಯ್ಯುವ ಸ್ನ್ಯಾಚ್‌ನಲ್ಲಿ 111, ಎರಡು ಹಂತದಲ್ಲಿ ಒಯ್ಯುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ತನ್ನ ತೂಕದ ಎರಡೂಕಾಲು ಪಟ್ಟಿಗೂ ಹೆಚ್ಚು ಭಾರವನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸುವುದು ಬರೀ ತೋಳಿನ ದಪ್ಪದಿಂದ ಆಗುವ ಕೆಲಸವಲ್ಲ. ಸರಳು ಮೈಯಿಂದ ಎರಡು ಬೆರಳು ಆಚೆ ಹೋದರೂ ಆ ಎತ್ತು ಕೈತಪ್ಪುತ್ತದೆ. ಭಂಗಿ ನಿಮ್ಮ ಬಲವನ್ನು ಕಡಿಮೆ ಮಾಡುವುದಿಲ್ಲ, ಸೋರಿಹೋಗುತ್ತಿರುವ ಬಲವನ್ನು ಹಿಡಿದುಕೊಡುತ್ತದೆ.

ನನ್ನ ದೂರು ನಿಮ್ಮ ಮೇಲಲ್ಲ, ಕಲಿಸುವ ಕಣ್ಣನ್ನು ಕಳೆದುಕೊಂಡಿರುವ ನಮ್ಮೆಲ್ಲರ ಮೇಲೆ. ಬಸ್ಕಿಯನ್ನು ಶಿಕ್ಷೆ ಮಾಡಿದೆವು. ಮಗುವಿಗೆ ತನ್ನ ಕಾಲಿನ ಬಲವನ್ನು ಪರಿಚಯಿಸಬೇಕಾದ ವ್ಯಾಯಾಮ ಅವಮಾನದ ಗುರುತಾಯಿತು. ಆಟದ ಪಿರಿಯಡ್ಡನ್ನು ಗಣಿತದ ಪೋರ್ಷನ್ನಿಗೆ ಕೊಟ್ಟೆವು, ಪರೀಕ್ಷೆ ಹತ್ತಿರ ಬಂದರಂತೂ ಕೇಳುವುದೇ ಬೇಡ. ಪಿ.ಟಿ. ಮೇಷ್ಟ್ರನ್ನು ಧ್ವಜಾರೋಹಣಕ್ಕೆ, ಸಾಲು ನಿಲ್ಲಿಸುವುದಕ್ಕೆ ಇಟ್ಟುಕೊಂಡೆವು. ಹದಿನೆಂಟು ತುಂಬುವವರೆಗೆ ನೆಲದಿಂದ ಒಂದು ವಸ್ತುವನ್ನು ಹೇಗೆ ಎತ್ತಬೇಕೆಂದು ಯಾರಿಂದಲೂ ಕಲಿಯದ ಹುಡುಗ, ಮೊಬೈಲ್ ನೋಡಿ 100 ಕೆ.ಜಿ.ಗೆ ಕೈ ಹಾಕುತ್ತಾನೆ. ಅವನನ್ನು ಬೈದು ಏನು ಪ್ರಯೋಜನ?

ನಿಮ್ಮ ಜಿಮ್‌ಗೆ ಹೋಗುವ ದಾರಿಯಲ್ಲೇ ಅಡಿಕೆ ಮಂಡಿಗಳಿವೆ. 65–70 ಕೆ.ಜಿ.ಯ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಹಮಾಲರು ದಿನವಿಡೀ ಓಡಾಡುತ್ತಾರೆ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಭಾರ ಹೊರುವವರ ಬಗ್ಗೆ ಒಂದು ಒಪ್ಪಂದವನ್ನೂ ಜೊತೆಗೊಂದು ಶಿಫಾರಸನ್ನೂ ಹೊರಡಿಸಿತು. ವಯಸ್ಕ ಗಂಡಸೊಬ್ಬ ಹೊರುವ ಮಿತಿ 55 ಕೆ.ಜಿ.ಗಿಂತ ಮೇಲಿದ್ದರೆ ಆದಷ್ಟು ಬೇಗ ಅದನ್ನು ಇಳಿಸಿ ಎಂದಿತು. ಕೆಲಸಕ್ಕೆ ಹಚ್ಚುವ ಮೊದಲೇ ಹೊರುವ ವಿಧಾನ ಕಲಿಸಬೇಕು ಎಂದೂ ಅದರಲ್ಲಿದೆ. ನಮ್ಮಲ್ಲಿ ಹಮಾಲನಿಗೆ ಕಲಿಸುವವನು ಪಕ್ಕದ ಹಮಾಲ. ಅವನೇ ಗುರು, ಅವನೇ ಶಾಲೆ. ಅವರ ವಿದ್ಯೆ ದೊಡ್ಡದು, ಇಬ್ಬರು ಮೂಟೆ ಏರಿಸುವಾಗ ಮೂರನೆಯವನು ಸೊಂಟದಿಂದ ಬಾಗಿ ಮೊಣಕಾಲು ಸಡಿಲಿಸಿ ಕಾಯುವುದನ್ನು ನಿಂತು ನೋಡಿ. ಆದರೆ ದಣಿದ ಮೈಯಲ್ಲಿ ಯಾವ ಭಂಗಿಯೂ ನಿಲ್ಲುವುದಿಲ್ಲ. ಮಳೆಯಲ್ಲಿ ಗೊರಬು ಎಂಬ ಎಲೆಯ ಹೊದಿಕೆ ಹೊತ್ತು ದಿನವಿಡೀ ಬಾಗಿ ನಾಟಿ ಮಾಡಿದ ನಮ್ಮ ಹೆಂಗಸರಿಗೂ ಬಾಗುವ ರೀತಿ ಗೊತ್ತಿತ್ತು. ಬಿಡುವು ಸಿಗಲಿಲ್ಲ, ಸೊಂಟ ಹೋಯಿತು. ನಿಮಗೆ ಬಿಡುವಿದೆ, ಭಾರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಅವರಿಗೆ ಸಿಗದಿದ್ದದ್ದನ್ನು ನೀವು ಕೈಯಾರೆ ಚೆಲ್ಲುತ್ತಿದ್ದೀರಿ ಎಂಬುದೇ ನನ್ನ ಸಂಕಟ.

ಈಗ ಮಾಡಬೇಕಾದದ್ದು. ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮೂತ್ರ ಹಿಡಿತ ತಪ್ಪಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ. ಅಂಥದ್ದೇನೂ ಇಲ್ಲದಿದ್ದರೆ ಸರಳನ್ನು ಖಾಲಿ ಮಾಡಿ, ಬರೀ 20 ಕೆ.ಜಿ.ಯ ಸರಳು. ಬೆನ್ನಿಗೆ ಕೋಲಿಟ್ಟು ಸೊಂಟದಿಂದ ಬಾಗುವುದನ್ನು ಒಂದು ವಾರ ಅಭ್ಯಾಸ ಮಾಡಿ. ಪಕ್ಕದಲ್ಲಿ ಒಬ್ಬರು ನಿಂತು ನೋಡಲಿ. ಕನ್ನಡಿಯನ್ನು ನೋಡಲು ಕತ್ತು ತಿರುಗಿಸಿದ ಕ್ಷಣವೇ ಬೆನ್ನಿನ ಸಾಲು ತಪ್ಪಿರುತ್ತದೆ. ಒಂದು ಸುತ್ತಿನ ಕೊನೆಯ ಎತ್ತು ಮೊದಲನೆಯದರಂತೆಯೇ ಇದ್ದರೆ ಮಾತ್ರ ಮುಂದಿನ ಎರಡೂವರೆ ಕೆ.ಜಿ. ಸೇರಿಸಿ.

ಮತ್ತೆ ಈ ಭಾನುವಾರ ಊರಿಗೆ ಹೋದಾಗ ಅಜ್ಜನ ಹತ್ತಿರ ಕೂತು ನನಗೆ ಕೇಳಿದ ಪ್ರಶ್ನೆಯನ್ನೇ ಕೇಳಿ. ಮೊದಲ ಹೊರೆ ಯಾರು ಎತ್ತಿಸಿದರು, ಎಷ್ಟು ದೊಡ್ಡದಿತ್ತು, ಎಲ್ಲಿ ತಪ್ಪಿದಾಗ ಬೈದರು. ಎದ್ದು ನಿಂತು ತೋರಿಸಿ ಅಂತಲೂ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಹಾಕುತ್ತೇವೆ.