ದೊಡ್ಡಪ್ಪನ ಬ್ರಷ್ ಅಕ್ಷರ ಫಾಂಟ್ ಆಗಬೇಕಾದರೆ ಮೊದಲು ಒತ್ತಕ್ಷರ ಹುಡುಕಿ

ಅಕ್ಕಾ, ಫೋಟೋ ನೋಡಿದೆ. ಮುಂಬೈಯ ಮಾಟುಂಗಾದಲ್ಲಿ ಬೋರ್ಡು, ನಾಟಕದ ಪೋಸ್ಟರು ಬರೆಯುತ್ತಿದ್ದ ನಿಮ್ಮ ದೊಡ್ಡಪ್ಪ ಡ್ರಾಯಿಂಗ್ ಪುಸ್ತಕದಲ್ಲಿ ಅ ಇಂದ ಳ ತನಕ ಬರೆದಿಟ್ಟು ಹೋಗಿದ್ದಾರೆ, ಸ್ಕ್ಯಾನ್ ಮಾಡಿದರೆ ಫಾಂಟ್ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ಆ ಪುಟಗಳಷ್ಟೇ ಸಾಲುವುದಿಲ್ಲ.

ಲೆಕ್ಕ ಹಾಕಿ ನೋಡಿ. ವ್ಯಂಜನ 34. ಕ ಅನ್ನೋ ಒಂದಕ್ಕೇ ತಲೆಕಟ್ಟು ಬದಲಾಗುವ ಕಾ, ಕಿ, ಕೆ, ಕೌ, ಕ್ ಇವೆ, ಮೇಲೊಂದು ಒತ್ತು. ಅಲ್ಲಿಗೆ ಮೂಲ ಅಕ್ಷರವೂ ಸೇರಿ ತಲಾ 7 ರೂಪ, ಒಟ್ಟು 238. ಕೀ, ಕೇಗಳಿಗೆ ಕಿ, ಕೆ ಪಕ್ಕದಲ್ಲಿ ದೀರ್ಘದ ಗುರುತು ಇಟ್ಟರಾಯಿತು, ಹೊಸದಾಗಿ ಎಳೆಯಬೇಕಿಲ್ಲ. ಆದರೆ ಪು, ವುಗಳಲ್ಲಿ ಕೊಂಬು ಕು ಥರ ಕೂರುವುದಿಲ್ಲ, ಮೊ, ಯೊ ದಾರಿಯೇ ಬೇರೆ. ಇವನ್ನು ನಾವೇ ಊಹಿಸಿ ಎಳೆದರೆ ಫಾಂಟಿನ ಅರ್ಧ ನಿಮ್ಮ ದೊಡ್ಡಪ್ಪನದು, ಅರ್ಧ ನಮ್ಮದು ಆಗಿಬಿಡುತ್ತೆ.

ಅದಕ್ಕೆ ಮೊದಲು ಅವರು ಬರೆದ ಪದಗಳು ಬೇಕು. ಹಳೇ ಪೋಸ್ಟರು, ಲಗ್ನಪತ್ರಿಕೆಯ ಕರಡು, ಹೋಟೆಲಿನ ತಿಂಡಿ ಪಟ್ಟಿ, ಗಣೇಶೋತ್ಸವದ ಬ್ಯಾನರಿನ ಫೋಟೋ, ಏನಾದರೂ ಸರಿ. ತ, ನ, ಮ, ಯ, ರ, ಲ ಒತ್ತುಗಳನ್ನು ಮುಖ್ಯವಾಗಿ ಹುಡುಕಿ, ಅವು ಮೂಲ ಅಕ್ಷರದ ಹಾಗೆ ಇರುವುದೇ ಇಲ್ಲ. "ಶ್ರೀ", "ಅಧ್ಯಕ್ಷರು", "ಪ್ರವೇಶ" ಬರೆಯದ ನಾಟಕದ ಪೋಸ್ಟರ್ ಇರಲ್ಲ ಬಿಡಿ. "ಕಾರ್ಯಕ್ರಮ"ದಲ್ಲಿ ಅರ್ಕಾವತ್ತು ಹಾಕುತ್ತಿದ್ದರಾ, ಇಲ್ಲಾ ರ ಬರೆದು ಕೆಳಗೆ ಯ ಒತ್ತು ಕೊಡುತ್ತಿದ್ದರಾ ಅಂತಲೂ ನೋಡಿ.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕಿ), ಗ್ರೇ. ಫೋನಿನ ಸ್ಕ್ಯಾನ್ ಆ್ಯಪ್ ಬೇಡ, ಅದು ಅಂಚನ್ನೆಲ್ಲ ಕಪ್ಪು ಬಿಳುಪು ಮಾಡಿ ಬಳಿದುಬಿಡುತ್ತೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಒಂದು ಬಟನ್ ಒತ್ತಿದರೆ ಗೆರೆ ತಾನೇ ಮೂಡುತ್ತಲ್ಲ, ಅದನ್ನೂ ನಂಬಬೇಡಿ. ಕಾಗದದ ತರಿ, ಹರಡಿದ ಬಣ್ಣ ಎಲ್ಲಾ ಹಿಡಿದುಕೊಂಡು ಒಂದು ಗ ಮೇಲೆ ಗೆರೆಯ ಆಕಾರ ಹಿಡಿದಿಡುವ ಬಿಂದುಗಳನ್ನು ರಾಶಿ ಸುರಿಯುತ್ತೆ. ಫಾಂಟ್ ಮಾಡುವ ಫಾಂಟ್‌ಫೋರ್ಜ್ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಅದರಲ್ಲಿ ಸ್ಕ್ಯಾನನ್ನು ಹಿನ್ನೆಲೆಗೆ ಹಾಕಿ ಕೈಯಲ್ಲೇ ಎಳೆಯಿರಿ. ಪ್ರತಿ ತಿರುವಿನ ಮೇಲ್ತುದಿ, ಕೆಳತುದಿ, ಎಡ, ಬಲ, ಅಲ್ಲಷ್ಟೇ ಬಿಂದು ಸಾಕು.

ಹಾಗಂತ ಜಾಸ್ತಿ ನುಣುಪು ಮಾಡಲು ಹೋಗಬೇಡಿ. ಎರಡನೇ ಫೋಟೋದ ಸ ನೋಡಿ: ತಲೆಕಟ್ಟಿನ ಬಲತುದಿ, ಚಪ್ಪಟೆ ಬ್ರಷ್ ಎತ್ತಿದ ಕಡೆ, ಓರೆಯಾಗಿ ಕತ್ತರಿಸಿದಂತೆ ನಿಂತಿದೆ. ದೇವನಾಗರಿ ಅಕ್ಷರಗಳ ತಲೆ ಮೇಲಿನ ಅಡ್ಡಗೆರೆ, ಅಂದರೆ ಶಿರೋರೇಖೆ, ಎಳೆದು ಪಳಗಿದ ಕೈ ಇರಬೇಕು ಅಂತ ನನ್ನ ಅಂದಾಜು (ಮುಂಬೈಯಲ್ಲಿ ಬರೀ ಕನ್ನಡ ಬೋರ್ಡು ಬರೆದು ಸಂಸಾರ ನಡೆಯುತ್ತಿತ್ತಾ?). ಆ ಓರೆ ಉಳಿಯಲೇಬೇಕು. ಇನ್ನೊಂದು, ಒತ್ತು ಮಾಡಲು ಅಕ್ಷರವನ್ನು ಸುಮ್ನೆ ಚಿಕ್ಕದು ಮಾಡಿದರೆ ಗೆರೆಯೂ ತೆಳ್ಳಗಾಗಿ ಬಡಕಲಾಗಿ ಕಾಣುತ್ತೆ. ಗೆರೆ ದಪ್ಪ ಮಾಡಿ ಮತ್ತೆ ಎಳೆಯಬೇಕು.

ಕೀಲಿಮಣೆಯಲ್ಲಿ ಸಿಕ್ಕ ಜಾಗಕ್ಕೆ ಅಕ್ಷರ ತುಂಬುವ ಹಳೇ ಪದ್ಧತಿ ಬೇಡ, ಪ್ರತಿ ಅಕ್ಷರಕ್ಕೂ ಗೊತ್ತಾದ ಕೋಡ್ ಇರುವ ಯೂನಿಕೋಡ್‌ನಲ್ಲೇ ಮಾಡಿ. ಯೂನಿಕೋಡ್‌ನಲ್ಲಿ ಒತ್ತಿಗೆ ಅಂತ ಬೇರೆ ಕೋಡ್ ಇಲ್ಲ. ತ್ ಆದಮೇಲೆ ತ ಬಂದರೆ ಕೆಳಗಿನ ರೂಪ ತೋರಿಸು ಅಂತ ಫಾಂಟಿನೊಳಗೆ ನಿಯಮ ಬರೆಯಬೇಕು. ಇಲ್ಲಿ ಹೊಸಬರ ತಲೆ ಕೆಡುತ್ತೆ. ಮುಂಬೈಯದೇ ಫಾಂಟ್ ಸಂಸ್ಥೆ ಏಕ್ ಟೈಪ್‌ನವರು ಮಾಡಿದ ಬಲೂ ತಮ್ಮ, ಅನೇಕ್ ಕನ್ನಡ ಎರಡೂ ಮುಕ್ತ ಲೈಸೆನ್ಸಿನ ಫಾಂಟ್‌ಗಳು. ಅವುಗಳ ಮೂಲ ಫೈಲ್ ತೆರೆದು ನಿಯಮ ಹೇಗೆ ಬರೆದಿದ್ದಾರೆ ಅಂತ ನೋಡಿ. ವಿಂಡೋಸ್‌ನ ಕನ್ನಡ ಫಾಂಟ್ ತುಂಗಾ ಕೂಡ ಮುಂಬೈ ಪೊವಾಯಿಯ ಐಐಟಿಯಲ್ಲಿ ಪಾಠ ಮಾಡಿದ ಆರ್. ಕೆ. ಜೋಶಿಯವರ ಮುಂದಾಳತ್ವದಲ್ಲಿ ಆದದ್ದು. ಕನ್ನಡ ಫಾಂಟಿನ ಕೆಲಸ ಈ ಊರಿಗೆ ಹೊಸತೇನಲ್ಲ.

ಪರೀಕ್ಷೆಗೆ ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಉಜ್ಜ್ವಲ, ಅರ್ಘ್ಯ ಟೈಪ್ ಮಾಡಿ. ಎರಡು ಸಾಲು ಒಂದರ ಕೆಳಗೊಂದು ಹಾಕಿ, ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತಾ ನೋಡಿ.

ಹಕ್ಕಿನ ವಿಷಯ ಈಗಲೇ ಮುಗಿಸಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ಚಿತ್ರಕೃತಿಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ದೊಡ್ಡಮ್ಮ, ಅವರ ಮಕ್ಕಳು ಎಲ್ಲರ ಸಹಿ ಇರುವ ಒಪ್ಪಿಗೆ ಪತ್ರ ಮಾಡಿಸಿ, ಫಾಂಟಿನ ಹೆಸರನ್ನೂ ಅವರೇ ಇಡಲಿ. ಆಮೇಲೆ ಗ, ರ, ಸ, ಮ, ಪ ಈ ಐದನ್ನು ಎಳೆದು ಇಲ್ಲೇ ಹಾಕಿ. ದಪ್ಪ ಸರಿ ಬಂದಿದೆಯಾ ನೋಡಿ ಹೇಳುತ್ತೇನೆ.