ಮಂಡಕ್ಕಿ ಚೀಲದ ಮೈಲೇಜ್

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 26. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪಿ.ಬಿ. ರಸ್ತೆಯ ಒಂದು ಬೈಕ್ ಶೋರೂಮಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೇನೆ. ಗಾಡಿ, ಮೊಬೈಲ್ ಬಗ್ಗೆ ಬರೆಯುವ ಹುಚ್ಚು. ನಮ್ಮ ಮಾವನ ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ನಿಮಗೆ ಒಂದು ಲೇಖನ ಕಳಿಸಿದ್ದೆ. ವಾಪಸ್ ಬಂತು, ಕಾರಣ ಬರೆದಿರಲಿಲ್ಲ. ಕೆಲಸ ಬಿಟ್ಟು ಫ್ರೀಲಾನ್ಸ್ ಆಗಿ ಬರೆದು ಬದುಕಬಹುದಾ? ಅದಕ್ಕೆ ಬೆಂಗಳೂರಿಗೇ ಹೋಗಬೇಕಾ? ದಯವಿಟ್ಟು ಹೆಸರು ಹಾಕಬೇಡಿ, ಶೋರೂಮಿನವರು ನೋಡಿದರೆ ಕಷ್ಟ.

ಸಂಪಾದಕರ ಉತ್ತರ:

ಪ್ರಿಯ ಮಿತ್ರರೇ, ಕಾರಣ ಬರೆಯದೆ ಲೇಖನ ವಾಪಸ್ ಕಳಿಸಿದ್ದು ನಮ್ಮದೇ ತಪ್ಪು. ಕ್ಷಮಿಸಿ. ನಿಮ್ಮ ಪತ್ರ ಬಂದ ಮೇಲೆ ಲೇಖನದ ಪ್ರತಿ ಹುಡುಕಿಸಿ, ಕಾಫಿ ತರಿಸಿಕೊಂಡು, ಇನ್ನೊಮ್ಮೆ ಓದಿದೆ.

ಒಟ್ಟು ನಾಲ್ಕು ಪುಟ. ಮೋಟಾರ್ ಎಷ್ಟು ಕಿಲೋವ್ಯಾಟ್, ಪರದೆ ಎಷ್ಟು ಇಂಚು, ಸೀಟಿನ ಕೆಳಗೆ ಎಷ್ಟು ಲೀಟರ್ ಜಾಗ, ಎಲ್ಲ ಇದೆ. ಅದೆಲ್ಲ ಕಂಪನಿಯ ಬ್ರೋಷರಿನಲ್ಲೂ ಇದೆ. ನಾಲ್ಕನೇ ಪುಟದ ಕೊನೆಗೆ, ಜಾಗ ಉಳಿಯಿತು ಅಂತ ಸುಮ್ನೆ ಬರೆದ ಹಾಗೆ, ಒಂದು ಸಾಲು ಬರೆದಿದ್ದೀರಿ: ‘ಮಾವ ಭಟ್ಟಿಯಿಂದ ಹರಿಹರಕ್ಕೆ ಮಂಡಕ್ಕಿ ಚೀಲ ಕಟ್ಟಿಕೊಂಡು ಹೋದ ದಿನ ಚಾರ್ಜ್ ಬೇಗ ಇಳಿಯುತ್ತದೆ, ಯಾಕೋ ಗೊತ್ತಿಲ್ಲ.’

ಈ ಸಾಲನ್ನು ಕೊನೆಗೆ ತಳ್ಳಿ ಬ್ರೋಷರನ್ನು ಮುಂದೆ ಕೂರಿಸಿದ್ದೀರಲ್ಲ, ಅದಕ್ಕೇ ಲೇಖನ ವಾಪಸ್ ಬಂದಿದ್ದು.

ಸ್ವಲ್ಪ ಯೋಚಿಸಿ. ಚೀಲದಲ್ಲಿರುವುದು ಅಕ್ಕಿಯಲ್ಲ, ಮಂಡಕ್ಕಿ. ಒಂದೇ ಕೈಯಲ್ಲಿ ಎತ್ತಬಹುದು. ಮತ್ತೆ ಚಾರ್ಜ್ ಯಾಕೆ ಇಳಿಯಬೇಕು? ಭಾರಕ್ಕಲ್ಲ, ಗಾಳಿಗೆ. ಸೀಟಿನ ಹಿಂದೆ ಎರಡು ಕಡೆಯೂ ಉಬ್ಬಿ ನಿಂತ ಚೀಲ ಗಾಳಿಗೆ ಹಿಡಿದ ತಡಿಕೆ ಇದ್ದ ಹಾಗೆ. ವೇಗ ಎರಡು ಪಟ್ಟಾದರೆ ಗಾಳಿ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಡಿಪ್ಲೊಮಾದಲ್ಲಿ ಓದಿದ್ದೀರಿ, ಅಲ್ವಾ? ಇನ್ನೊಂದು ವಿಷಯ. ಹರಿಹರ ಇರುವುದು ನಿಮಗೆ ಪಶ್ಚಿಮಕ್ಕೆ. ಆಷಾಢದ ಗಾಳಿ ಬೀಸುವುದೂ ಆ ಕಡೆಯಿಂದಲೇ. ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಸುಮ್ನೆ ಅಷ್ಟೊಂದು ಗಾಳಿಯಂತ್ರ ನೆಟ್ಟಿಲ್ಲ. ನಿಮ್ಮ ಮಾವ ಚೀಲ ಕಟ್ಟಿಕೊಂಡು ಆ ಗಾಳಿಗೆ ಎದುರಾಗಿ ಹೋಗುತ್ತಾರೆ, ಚೀಲ ಇಳಿಸಿ ಗಾಳಿಯ ಜೊತೆ ವಾಪಸ್ ಬರುತ್ತಾರೆ. ಹೋಗುವಾಗ ಎಷ್ಟು ಪರ್ಸೆಂಟ್ ಖರ್ಚಾಯಿತು, ಬರುವಾಗ ಎಷ್ಟು? ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ಕಂಪನಿ ಹೇಳುವ ಕಿಲೋಮೀಟರು ಎಲ್ಲಿಂದ ಬರುತ್ತದೆ ಅನ್ನುವುದೂ ಇಲ್ಲ. ಬ್ರೋಷರಿನಲ್ಲಿ ಐಡಿಸಿ (ಇಂಡಿಯನ್ ಡ್ರೈವಿಂಗ್ ಸೈಕಲ್) ರೇಂಜ್ ಅಂತ ಹಾಕಿರುತ್ತಾರೆ, ಅಂದರೆ ಒಂದು ಚಾರ್ಜಿಗೆ ಓಡುವ ದೂರ. ಲ್ಯಾಬಿನಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ಲೆಕ್ಕದಲ್ಲಿ ವೇಗ ಏರಿಸಿ ಇಳಿಸಿ ಅಳೆಯುವುದು. ಅದರಲ್ಲಿ ವೇಗ ಗಂಟೆಗೆ 42 ಕಿ.ಮೀ. ದಾಟುವುದಿಲ್ಲ. ಎಲ್ಲ ಗಾಡಿಗೂ ಒಂದೇ ಅಳತೆಗೋಲು ಬೇಕಲ್ಲ, ಆದ್ದರಿಂದ ಅದನ್ನು ಮೋಸ ಅನ್ನಲಾಗದು. ಆದರೆ ಆ ರೋಲರ್ ಮೇಲೆ ಯಾರೂ ಮಂಡಕ್ಕಿ ಚೀಲ ಕಟ್ಟುವುದಿಲ್ಲ. ಕಟ್ಟಿ ನೋಡಬೇಕಾದವರು ನೀವು.

ಇದನ್ನೆಲ್ಲ ದೊಡ್ಡ ಪಂಡಿತನ ಹಾಗೆ ಹೇಳುತ್ತಿಲ್ಲ. ನಾನೂ ಆರು ವರ್ಷ ಫ್ರೀಲಾನ್ಸ್ ಬರೆದವನು, ಮತ್ತು ಚೆನ್ನಾಗಿ ಎಡವಿದವನು. 2011ರಲ್ಲಿ ಒಂದು ಕಂಪನಿಯ ಆಂಡ್ರಾಯ್ಡ್ ಫೋನನ್ನು ಹಾಡಿ ಹೊಗಳಿದ್ದೆ. ಪರದೆ ಚಂದ, ಕ್ಯಾಮೆರಾ ಚಂದ, ‘ಕನ್ನಡಿಗರ ಕೈಗೆಟಕುವ ಫೋನು’ ಅಂತೆಲ್ಲ. ಹೊಳಲ್ಕೆರೆಯಿಂದ ಒಬ್ಬ ಮೇಷ್ಟ್ರು ಕಾರ್ಡು ಬರೆದರು: ‘ನಿಮ್ಮ ಮಾತು ನಂಬಿ ತಗೊಂಡೆ. ಮಗಳು ಕಳಿಸಿದ ಕನ್ನಡ ಮೆಸೇಜು ತೆರೆದರೆ ಬರೀ ಚೌಕ ಚೌಕ ಡಬ್ಬಿ ಕಾಣುತ್ತಿದೆ. ತಾವು ಕನ್ನಡದಲ್ಲಿ ಓದಿ ನೋಡಿದ್ದಿರಾ?’ ನೋಡಿರಲಿಲ್ಲ. ಆಗಿನ ಎಷ್ಟೋ ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಪತ್ರಿಕೆಗೆ ಬರೆಯುತ್ತಾ, ಕನ್ನಡ ಬರುತ್ತದಾ ಅಂತ ನಾನೇ ನೋಡಿರಲಿಲ್ಲ. ಆ ಕಾರ್ಡು ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಈಗ ಬೆಂಗಳೂರಿನ ಪ್ರಶ್ನೆ. ಅಲ್ಲಿದ್ದರೆ ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಹೊಸ ಕಾರು ಬಿಡುಗಡೆಗೆ ಕರೆಯುತ್ತಾರೆ, ನಾಲ್ಕು ದಿನ ಓಡಿಸಲು ಗಾಡಿ ಕೊಡುತ್ತಾರೆ. ಇಂಥ ದಿನ ಇಷ್ಟು ಗಂಟೆಯವರೆಗೆ ಪ್ರಕಟಿಸಬಾರದು ಅಂತ ಎಂಬಾರ್ಗೊ ಹಾಕುತ್ತಾರೆ. ಆ ಗಂಟೆ ಹೊಡೆದ ಕೂಡಲೇ ನೂರು ಜನ ಒಂದೇ ಥರ ಬರೆದದ್ದು ಹೊರಗೆ ಬೀಳುತ್ತದೆ. ನೂರಾಒಂದನೆಯವರಾಗಲು 260 ಕಿ.ಮೀ. ದೂರ ಹೋಗಿ ಬಾಡಿಗೆ ಮನೆ ಹಿಡಿಯಬೇಕಾ? ನಾಲ್ಕು ದಿನದಲ್ಲಿ ಗಾಡಿಯ ಹೊಳಪು ಕಾಣುತ್ತದೆ. ಮೂರು ವರ್ಷ ಓಡಿದ ಮೇಲೆ ಅದು ಏನಾಗುತ್ತದೆ ಅಂತ ದಿನಾ ನೋಡುತ್ತಿರುವವರು ನೀವು. ಮೊಬೈಲಿನದೂ ಅದೇ ಕಥೆ. ‘ಚಾರ್ಜೇ ಆಗ್ತಿಲ್ಲ’ ಅಂತ ತಂದ ಫೋನಿನ ಚಾರ್ಜಿಂಗ್ ತೂತಿನಿಂದ ರಿಪೇರಿಯವನು ಸೂಜಿಯಲ್ಲಿ ಜೇಬಿನ ನೂಲು, ಧೂಳು ಎಳೆದು ತೆಗೆದು ‘ನೋಡಿ ಸಾರ್, ಆಯ್ತು’ ಅನ್ನುತ್ತಾನೆ. ಅಂಥವನ ಅಂಗಡಿಯಲ್ಲಿ ಎರಡು ಸಂಜೆ ಕೂತು ಬಂದು ಬರೆಯಿರಿ, ಕಣ್ಣು ಮುಚ್ಚಿ ಹಾಕುತ್ತೇನೆ.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನಾವು ಒಂದು ಲೇಖನಕ್ಕೆ ಕೊಡುವುದು 1,500 ರೂಪಾಯಿ. ಅದೂ ಅಚ್ಚಾಗಿ ಎರಡು ತಿಂಗಳಿಗೆ. ತಿಂಗಳಿಗೆ ನಾಲ್ಕು ಬರೆದು, ನಾಲ್ಕೂ ಅಚ್ಚಾದರೂ (ಆಗುವುದಿಲ್ಲ ಬಿಡಿ) 6,000. ಅದರಲ್ಲಿ ಓಡಾಟದ ಪೆಟ್ರೋಲು ಕಳೆಯಿರಿ. ಇಂಗ್ಲಿಷಿನಲ್ಲಿ ಇದಕ್ಕಿಂತ ಜಾಸ್ತಿ ಕೊಡುವವರಿದ್ದಾರೆ, ಆದರೆ ಅಲ್ಲಿ ನೂಕುನುಗ್ಗಲೂ ಜಾಸ್ತಿ. ಹಾಗಾಗಿ ಸದ್ಯಕ್ಕೆ ಕೆಲಸ ಬಿಡಬೇಡಿ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ದಾಟಿದರೆ ಶೇ. 10ರಷ್ಟು ಟಿಡಿಎಸ್ (ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸಿದರೆ ತೆರಿಗೆ ಲೆಕ್ಕ ಕಳೆದು ಉಳಿದದ್ದು ವಾಪಸ್ ಬರುತ್ತದೆ. ಇನ್ನು, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಿಮ್ಮಂತೆ ಹೊರಗಿನಿಂದ ಬರೆಯುವವರ ಬರಹದ ಹಕ್ಕು ಅವರದ್ದೇ, ಸಹಿ ಹಾಕಿ ಬರೆದುಕೊಡುವ ತನಕ. ಯಾರಾದರೂ ಫಾರಂ ಮುಂದಿಟ್ಟರೆ ಓದದೆ ಸಹಿ ಮಾಡಬೇಡಿ. ನಮ್ಮ ಫಾರಂ ಕೂಡ.

ಕೆಲಸ ಬಿಡಬೇಡಿ ಅಂದೆ. ಆದರೆ ತೊಡಕು ಇರುವುದೂ ಅಲ್ಲೇ. ನಿಮಗೆ ಸಂಬಳ ಕೊಡುವವರು ಒಂದು ಕಂಪನಿಯ ಗಾಡಿ ಮಾರುವವರು. ಮಾವನ ಸ್ಕೂಟರ್ ಇನ್ನೊಂದು ಕಂಪನಿಯದು. ಅದರ ಚಾರ್ಜ್ ಇಳಿಯುತ್ತದೆ ಅಂತ ನೀವು ನಿಜವನ್ನೇ ಬರೆದರೂ, ನಿಮ್ಮ ಕೆಲಸ ಗೊತ್ತಾದ ದಿನ ಓದುಗ ಏನಂದುಕೊಳ್ಳುತ್ತಾನೆ? ಜಾಹೀರಾತಿನಲ್ಲಿ ವಸ್ತುವನ್ನು ಹೊಗಳುವವರು ಕಂಪನಿಯ ಜೊತೆ ತಮಗಿರುವ ಸಂಬಂಧ ಹೇಳಲೇಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ನಿಮ್ಮದು ಜಾಹೀರಾತಲ್ಲ ನಿಜ, ಆದರೂ ಓದುಗನಿಗೆ ನಾವು ಅಷ್ಟಾದರೂ ಹೇಳಬೇಕು. ಹೆಸರು ಮುಚ್ಚಿಟ್ಟು ಪತ್ರ ಹಾಕಬಹುದು, ಗಾಡಿಯ ವಿಮರ್ಶೆ ಹಾಕಲು ಆಗುವುದಿಲ್ಲ. ಹಾಕುವುದಾದರೆ ನಿಮ್ಮ ಹೆಸರು, ಕೆಳಗೆ ‘ಲೇಖಕರು ದ್ವಿಚಕ್ರ ವಾಹನ ಮಾರುವ ಸಂಸ್ಥೆಯೊಂದರ ನೌಕರರು’ ಅನ್ನುವ ಸಾಲು, ಎರಡೂ ಇರಬೇಕು. ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿ. ಅವರು ಒಪ್ಪದಿದ್ದರೆ ಸ್ಕೂಟರಿನ ಕಂಪನಿ ಹೆಸರು ತೆಗೆದುಬಿಡೋಣ. ಅದು ವಿಮರ್ಶೆ ಆಗುವುದಿಲ್ಲ, ಚೀಲ ಮತ್ತು ಗಾಳಿಯ ಲೇಖನ ಆಗುತ್ತದೆ. ನನಗಂತೂ ಅದೇ ಜಾಸ್ತಿ ಇಷ್ಟ. ಆಗಲೂ ಹೆಸರು ಇರಲೇಬೇಕು, ಅದನ್ನೂ ಮ್ಯಾನೇಜರಿಗೆ ಹೇಳಿ. ಗಿರಾಕಿಗಳ ಜಾಬ್ ಕಾರ್ಡ್ (ಸರ್ವಿಸಿಗೆ ಬಂದ ಗಾಡಿಯ ವಿವರ ಬರೆದಿಡುವ ಚೀಟಿ) ಮಾತ್ರ ಮುಟ್ಟಬೇಡಿ. ಅವು ಅವರವರ ಗಾಡಿಯ ಗುಟ್ಟು.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಮಾವನ ಜೊತೆ ನಾಲ್ಕು ದಿನ ಹರಿಹರಕ್ಕೆ ಹೋಗಿ ಬನ್ನಿ. ಅವರ ಗಾಡಿಯಲ್ಲಿ ಅವರೊಬ್ಬರೇ ಇರಲಿ, ನೀವು ಬೈಕಿನಲ್ಲಿ ಹಿಂದೆ ಹೋಗಿ. ಎರಡು ದಿನ ಚೀಲ ಕಟ್ಟಿ, ಎರಡು ದಿನ ಬರಿಗಾಡಿ. ನಾಲ್ಕೂ ದಿನ ಒಂದೇ ಹೊತ್ತು, ಒಂದೇ ಮೋಡ್, ಟೈರಿಗೆ ಒಂದೇ ಗಾಳಿ. ಭಟ್ಟಿ ಬಿಡುವಾಗ, ಹರಿಹರ ಮುಟ್ಟಿದಾಗ, ವಾಪಸ್ ಬಂದಾಗ ಪರ್ಸೆಂಟ್ ಬರೆದುಕೊಳ್ಳಿ. ಮಾವ ಮಾಮೂಲಿಯಾಗಿ ಹೇಗೆ ಓಡಿಸುತ್ತಾರೋ ಹಾಗೇ ಓಡಿಸಲಿ. ‘ಇವತ್ತು ಪೇಪರಿಗೆ ಬರೆಯೋಕೆ’ ಅಂದರೆ ಮೆಲ್ಲಗೆ ಹೋಗಿಬಿಡುತ್ತಾರೆ. ಏನೂ ಹೇಳಬೇಡಿ, ಎಲ್ಲ ಮುಗಿದ ಮೇಲೆ ಹೇಳಿ ಒಪ್ಪಿಗೆ ತಗೊಳ್ಳಿ. ಚೀಲ ಎಷ್ಟು ಅಗಲ ಅಂತ ಟೇಪು ಹಿಡಿದು ಅಳೆಯಿರಿ, ಮಂಡಿಪೇಟೆಯಲ್ಲಿ ಯಾವುದಾದರೂ ತಕ್ಕಡಿಗೆ ಹಾಕಿಸಿ ತೂಕವನ್ನೂ ಬರೆಯಿರಿ.

ಎರಡು ಪುಟ ಸಾಕು. ಆಷಾಢ ಮುಗಿಯುವುದರೊಳಗೆ ಕಳಿಸಿ, ಆಮೇಲೆ ಗಾಳಿ ಕಮ್ಮಿಯಾಗುತ್ತದೆ.