ಟೂಸಾನ್‌ಗೆ ಛತ್ರಿ ಒಯ್ಯಬೇಕಾ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಗಳು, ಅಳಿಯ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಲ್ಲಿದ್ದಾರೆ. ಜುಲೈನಲ್ಲಿ ಮಗಳ ಬಾಣಂತನಕ್ಕೆ ಹೋಗಬೇಕು. ಅದು ಮರುಭೂಮಿ ಅಂತ ಬರೀ ಹತ್ತಿ ಸೀರೆ ತೆಗೆದಿಟ್ಟಿದ್ದೆ. ಮೊನ್ನೆ ಫೋನಿನಲ್ಲಿ 'ಅವ್ವಾ, ಛತ್ರಿ ತಗೊಂಡ್ ಬಾ, ಇಲ್ಲಿ ಮಾನ್ಸೂನ್ ಇರ್ತದ' ಅಂದಳು. ಚೇಷ್ಟೆ ಮಾಡ್ತಾಳೋ ಏನು? ಮರುಭೂಮಿಗೆ ಎಂಥ ಮುಂಗಾರು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಚೇಷ್ಟೆ ಅಲ್ಲ, ನಿಮ್ಮ ಮಗಳು ಹೇಳಿದ್ದು ನಿಜ. ಮಾನ್ಸೂನ್ ಅಂದರೆ ಮಳೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆ ಪದ ಬಂದಿದ್ದು ಅರಬ್ಬಿಯ 'ಮೌಸಿಮ್'ನಿಂದ, ಋತು ಅಂತ ಅರ್ಥ. ಋತುವಿಗೆ ತಕ್ಕ ಹಾಗೆ ಗಾಳಿ ದಿಕ್ಕು ಬದಲಿಸಿದರೆ ಅದು ಮಾನ್ಸೂನ್. ಅರಿಜೋನಾದಲ್ಲಿ ಉಳಿದ ದಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಒಣಗಾಳಿ. ಬೇಸಿಗೆ ನಡುವೆ ಅದು ತಿರುಗಿ ಮೆಕ್ಸಿಕೊ ಕಡೆಯಿಂದ ಬರತೊಡಗುತ್ತದೆ, ಬರುವಾಗ ಕ್ಯಾಲಿಫೋರ್ನಿಯಾ ಕೊಲ್ಲಿಯ ತೇವವನ್ನೂ ಹೊತ್ತು ತರುತ್ತದೆ. ಅಲ್ಲಿನ ಹವಾಮಾನದವರ ಲೆಕ್ಕದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮಾನ್ಸೂನ್. ಆದರೆ ಟೂಸಾನ್‌ನಲ್ಲಿ ನಿಜವಾಗಿ ಮಳೆ ಶುರುವಾಗುವುದು ಸಾಮಾನ್ಯವಾಗಿ ಜುಲೈ ಮೊದಲ ವಾರದಲ್ಲಿ. ಅಂದರೆ ನೀವು ಇಳಿಯುವ ಹೊತ್ತಿಗೆ ಸರಿಯಾಗಿ!

ಆದರೆ ಧಾರವಾಡದ ಜಡಿಮಳೆ ನೆನಸಿಕೊಂಡು ಹೋಗಬೇಡಿ. ಮೂರು ದಿನ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ ಹೊಡೆಯುವಂಥ ಮಳೆ ಅಲ್ಲ ಅದು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಅಡ್ಡಮಳೆ ಆಗುತ್ತದಲ್ವಾ, ಮಧ್ಯಾಹ್ನದವರೆಗೆ ಬೆವರು ಸುರಿಸಿ ನಾಲ್ಕು ಗಂಟೆಗೆ ಧಡಧಡ ಗುಡುಗಿ ಒಂದು ಓಣಿ ತೋಯಿಸಿ ಪಕ್ಕದ ಓಣಿ ಬಿಟ್ಟು ಹೋಗುತ್ತದಲ್ಲ, ಥೇಟ್ ಹಾಗೆ. ಟೂಸಾನ್‌ಗೆ ವರ್ಷಕ್ಕೆ ಬೀಳುವುದೇ ಸುಮಾರು 270 ಮಿ.ಮೀ. ನಮ್ಮ ಗದಗಿನ ಅರ್ಧದಷ್ಟೂ ಇಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈ ಮೂರು ತಿಂಗಳಲ್ಲೇ. ನಂಬುವ ಹಾಗೂ ಇಲ್ಲ. 2020ರಲ್ಲಿ ಮಳೆ ಪೂರಾ ಕೈಕೊಟ್ಟಿತು, ಮರುವರ್ಷ ಜುಲೈ ಒಂದೇ ತಿಂಗಳಲ್ಲಿ 200 ಮಿ.ಮೀ. ದಾಟಿತು. ಇದನ್ನು ಓದಿದರೆ ನಮ್ಮ ರೈತರು 'ನಮ್ಮೂರ ಕಥೆನೇ' ಅಂತಾರೆ.

ಪ್ರಶ್ನೆ: ಬೇಸಿಗೆಯಲ್ಲಿ ಮಧ್ಯಾಹ್ನದ ಮೋಡ ಕಪ್ಪತಗುಡ್ಡದ ಮೇಲೆ ಮೊದಲು ಕಟ್ಟುತ್ತದೆ, ಬಯಲಿನ ಮೇಲೆ ಆಮೇಲೆ. ಯಾಕೆ?
– ಮುಂಡರಗಿಯಿಂದ ಒಬ್ಬರು

ಉತ್ತರ: ಒಳ್ಳೆ ಪ್ರಶ್ನೆ, ಮೇಲಿನದಕ್ಕೂ ಇದು ಕೂಡಿಕೊಳ್ಳುತ್ತದೆ. ಬೆಳಗಿನ ಬಿಸಿಲು ಗುಡ್ಡದ ಇಳಿಜಾರನ್ನು ಕಾಯಿಸುತ್ತದೆ. ಕಾದ ಕಲ್ಲು ತನ್ನ ಪಕ್ಕದ ಗಾಳಿಯನ್ನು ಕಾಯಿಸುತ್ತದೆ. ಅಷ್ಟೇ ಎತ್ತರದಲ್ಲಿ ಬಯಲಿನ ಮೇಲಿರುವ ಗಾಳಿಗೆ ಕೆಳಗೆ ನೆಲ ಇಲ್ಲ, ಹಾಗಾಗಿ ಅದು ತಣ್ಣಗೇ ಇರುತ್ತದೆ. ಬಿಸಿಗಾಳಿ ಹಗುರ, ಗುಡ್ಡ ಹತ್ತಿ ಮೇಲಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ತೇವದ ಗಾಳಿ ನುಗ್ಗುತ್ತದೆ. ಒಲೆಯ ಹೊಗೆ ಗೂಡಿನಲ್ಲಿ ಏರುವ ಹಾಗೆ. ಮೇಲೆ ತಣಿದು ಮೋಡ.

ಟೂಸಾನ್‌ನಲ್ಲಿ ಇದನ್ನು ದಿನಾ ನೋಡಬಹುದು. ಊರು ಇರುವುದು 730 ಮೀಟರ್ ಎತ್ತರದಲ್ಲಿ, ಪಕ್ಕದಲ್ಲೇ ಮೌಂಟ್ ಲೆಮನ್ ಬೆಟ್ಟ ಸುಮಾರು 2,790 ಮೀಟರ್. ಕೆಳಗೆ ಆಳೆತ್ತರದ ಕಳ್ಳಿ, ಮೇಲೆ ಪೈನ್ ಕಾಡು. ಹನ್ನೊಂದಕ್ಕೆ ಬೆಟ್ಟದ ತಲೆ ಮೇಲೆ ಹತ್ತಿಯಂಥ ಒಂದು ಚೂರು, ಎರಡಕ್ಕೆ ಹೂಕೋಸಿನ ಹಾಗೆ ಉಬ್ಬಿಕೊಂಡಿರುತ್ತದೆ, ಸಂಜೆಗೆ ಬುಡ ಕಪ್ಪಾಗಿ ಬಯಲಿಗೆ ಇಳಿಯುತ್ತದೆ.

ಪ್ರಶ್ನೆ: ಮಳೆ ಬರುವ ಮುಂಚೆ ಧೂಳು ಯಾಕೆ ಏಳುತ್ತದೆ? ಅರಿಜೋನಾದಲ್ಲಿ ಧೂಳಿನ ಗೋಡೆಯೇ ಬರುತ್ತದೆ ಅಂತ ಕೇಳಿದ್ದೇನೆ.
– ಹಾವೇರಿಯ ವಿದ್ಯಾರ್ಥಿ

ಉತ್ತರ: ಅಲ್ಲಿ ಮೋಡ ಬಹಳ ಎತ್ತರದಲ್ಲಿರುತ್ತದೆ, ಕೆಳಗೆ ಒಣಗಾಳಿ. ಮಳೆಹನಿ ಅರ್ಧದಾರಿಯಲ್ಲೇ ಆವಿಯಾಗುತ್ತದೆ. ದೂರದಿಂದ ನೋಡಿದರೆ ಮೋಡಕ್ಕೆ ಜಡೆ ಬಿಟ್ಟ ಹಾಗೆ ಕಾಣುತ್ತದೆ, ನೆಲಕ್ಕೆ ಒಂದು ಹನಿಯೂ ಇಲ್ಲ. ಹೊಟ್ಟೆ ಉರಿಯುತ್ತದೆ! ಆವಿಯಾಗುವಾಗ ಗಾಳಿ ತಣಿದು ಭಾರವಾಗಿ ಧೊಪ್ಪನೆ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಎದುರಿಗಿರುವ ಧೂಳನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಅದಕ್ಕೆ 'ಹಬೂಬ್' ಅನ್ನುತ್ತಾರೆ, ಇದೂ ಅರಬ್ಬಿ ಪದವೇ. 2011ರ ಜುಲೈ 5ರಂದು ಫೀನಿಕ್ಸ್ ನಗರದ ಮೇಲೆ ಬಂದ ಧೂಳಿನ ಗೋಡೆ ಒಂದೂವರೆ ಕಿಲೋಮೀಟರಿನಷ್ಟು ಎತ್ತರ ಇತ್ತು. ಅಂಥದರಲ್ಲಿ ಸಿಕ್ಕಿದರೆ ಕಾರನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಹಾಕಿ ದೀಪ ಆರಿಸಿ, ಬ್ರೇಕಿನ ಮೇಲಿಂದಲೂ ಕಾಲು ತೆಗೆಯಬೇಕಂತೆ. ಇಲ್ಲದಿದ್ದರೆ ಹಿಂದಿನವನು ನಿಮ್ಮ ಕೆಂಪು ದೀಪವನ್ನೇ ದಾರಿ ಅಂದುಕೊಂಡು ಬಂದು ಗುದ್ದುತ್ತಾನೆ.

ಹುಬ್ಬಳ್ಳಿಯ ಅಮ್ಮನವರು ಕೊನೆಗೆ 'ಅಲ್ಲಿ ಭಯಪಡುವಂಥದ್ದು ಏನಾದರೂ ಇದೆಯಾ?' ಅಂತಲೂ ಕೇಳಿದ್ದಾರೆ. ಇದೆ. ಒಣಹಳ್ಳ. ಅಲ್ಲಿ ಅದನ್ನು 'ವಾಷ್' ಅನ್ನುತ್ತಾರೆ. ವರ್ಷವೆಲ್ಲ ಮರಳು ಹಾಸಿಕೊಂಡು ಬಿದ್ದಿರುತ್ತದೆ, ಜನ ಅದರಲ್ಲೇ ವಾಕಿಂಗ್ ಹೋಗುತ್ತಾರೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಮಳೆ ಎಷ್ಟು ಬಂದರೂ ನುಂಗುತ್ತದೆ. ಅಲ್ಲಿ ಬೆಟ್ಟ ಬರೀ ಕಲ್ಲು, ಬಯಲಲ್ಲೂ ಎಷ್ಟೋ ಕಡೆ ಮಣ್ಣಿನಡಿ ಸುಣ್ಣ ಸೇರಿ ಗಟ್ಟಿಯಾದ ಪದರ. ಬಿದ್ದ ನೀರು ನಿಲ್ಲದೆ ಓಡುತ್ತದೆ. ನಾನು ಒಮ್ಮೆ ನವಲಗುಂದದ ಹತ್ತಿರ ಬೆಣ್ಣೆಹಳ್ಳದ ದಂಡೆಯಲ್ಲಿ ನಿಂತಿದ್ದೆ. ತಲೆ ಮೇಲೆ ಬಿಸಿಲು, ಕಾಲ ಕೆಳಗೆ ಕೆಂಪು ನೀರು ಕಸಕಡ್ಡಿ ದೂಡಿಕೊಂಡು ಬಂತು. ಮಳೆ ಆಗಿದ್ದು ಮೇಲೆ, ಶಿಗ್ಗಾಂವಿ ಕಡೆ. ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 1997ರ ಆಗಸ್ಟ್ 12ರಂದು ಹೀಗೇ ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಬಂದು 11 ಪ್ರವಾಸಿಗರು ಸತ್ತರು. ಒಂದಡಿ ಹರಿಯುವ ನೀರು ಸಾಕು, ಸಣ್ಣ ಕಾರು ತೇಲಿ ಹೋಗುತ್ತದೆ. ಅಡ್ಡಗಟ್ಟೆ ಇಟ್ಟಿದ್ದರೂ ದಾಟಲು ಹೋಗಿ ಸಿಕ್ಕಿಬಿದ್ದವನಿಂದ ಬಿಡಿಸಿದ ಖರ್ಚು ವಸೂಲಿ ಮಾಡಲು ಅಲ್ಲಿ 1995ರಿಂದ ಕಾನೂನೇ ಇದೆ. ಜನ ಅದನ್ನು 'ಪೆದ್ದ ಡ್ರೈವರ್ ಕಾನೂನು' ಅಂತ ಕರೆಯುತ್ತಾರೆ. ನಮ್ಮಲ್ಲೂ ಬೇಕು ಅನ್ನಿಸುತ್ತದೆ. ಅಳಿಯನಿಗೆ ಹೇಳಿ.

ಸಿಡಿಲಿಗೆ ಮಾತ್ರ ಅಲ್ಲೂ ಇಲ್ಲೂ ಒಂದೇ ನಿಯಮ. ಮಿಂಚಿ 30 ಸೆಕೆಂಡಿನೊಳಗೆ ಗುಡುಗಿದರೆ ಒಳಗೆ ಬನ್ನಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಹೋಗಬೇಡಿ. ಮರದ ಕೆಳಗಂತೂ ಬೇಡವೇ ಬೇಡ.

ಮಳೆ ನಿಂತ ಮೇಲೆ ಕಿಟಕಿ ತೆಗೆಯಿರಿ. ಅಲ್ಲಿ ಕ್ರಿಯೋಸೋಟ್ ಅಂತ ಒಂದು ಪೊದೆ ಎಲ್ಲೆಲ್ಲೂ ಇದೆ. ಎಲೆ ತೋಯ್ದರೆ ಊರಿಗೆಲ್ಲ ಅದರ ವಾಸನೆ, ಅಲ್ಲಿನವರಿಗೆ ಮಳೆ ವಾಸನೆ ಅಂದರೆ ಅದೇ. ರಾತ್ರಿ ಕಪ್ಪೆಗಳು ಕೂಗುತ್ತವೆ. ವರ್ಷದ ಬಹುಪಾಲು ಮಣ್ಣೊಳಗೆ ಹೂತುಕೊಂಡಿದ್ದ ಸ್ಪೇಡ್‌ಫೂಟ್ ಕಪ್ಪೆಗಳು ಮಳೆಯ ಸದ್ದಿಗೆ ಎದ್ದು ಬಂದಿರುತ್ತವೆ.

ಇನ್ನು ಛತ್ರಿ. ಆ ಗಾಳಿಗೆ ಅದು ಮಗುಚಿಕೊಳ್ಳುತ್ತದೆ, ಗುಡುಗುವಾಗ ಹಿಡಿದು ಹೊರಗೆ ನಿಲ್ಲಲೂ ಆಗಲ್ಲ. ಸುಮ್ನೆ ಮನೆಯಲ್ಲೇ ಬಿಡಿ, ಬ್ಯಾಗಿನ ಆ ಜಾಗಕ್ಕೆ ಇನ್ನೊಂದು ಡಬ್ಬಿ ಅಂಟಿನುಂಡಿ ಹಾಕಿಕೊಳ್ಳಿ.